ವಿಷವಿಲ್ಲ ಅಂದೆ

೯ ಡಿಸೆಂಬರ್ ೧೯೫೬, ಭಾನುವಾರ. ಸಂಜೆ

ಬೆಳಿಗ್ಗೆ ಆರೂ ಹತ್ತರ ಲೋಕಲ್. ದಾದರಿನಲ್ಲಿ ಬದಲಿಸಿ ಅಂಧೇರಿ. ನಮ್ಮ ಕನ್ನಡ ಸಂಘದ ಮೂರನೇ ‘ನಿಸರ್ಗ ಭಾನುವಾರ’. ಮೂವತ್ತೆರಡು ಜನ. ಹಕ್ಕಿ, ಹುಳ ತೋರಿಸಿ ವಿವರಿಸುವ ಕೆಲಸ ನನ್ನದು. ಸೆಕ್ರೆಟರಿ ಮೋನಪ್ಪಣ್ಣ ಮಫ್ಲರ್ ಸುತ್ತಿಕೊಂಡು, ತಮ್ಮ ಹೋಟೆಲಿನ ಇಡ್ಲಿ ಡಬ್ಬಿ ಹೊರಿಸಿಕೊಂಡು ಬಂದಿದ್ದರು. ಗದ್ದೆ ಬದುವಿನಲ್ಲಿ ಬೆಳ್ಳಕ್ಕಿ, ಕಾಜಾಣ, ಒಂದು ಮಿಂಚುಳ್ಳಿ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಹೇಳಿದೆ.

ಆಮೇಲೆ ಕಾಶಪ್ಪನ ತೋಟ. ಬಿಜಾಪುರದ ಕಡೆಯವನು, ಒಂದು ಬಂಗಲೆಯ ಮಾಲಿ. ಪ್ರತಿ ಸಲ ನಮಗೆ ನೆರಳು, ನೀರು ಅಲ್ಲಿಯೇ. ಬಾಯಿಗೆ ಬಟ್ಟೆ ಕಟ್ಟಿದ ಗಡಿಗೆಯೊಂದನ್ನು ತಂದು ಎಲ್ಲರ ನಡುವೆ ಇಟ್ಟ. ಹೆಂಡತಿ ರುದ್ರವ್ವ ಬಾಗಿಲಲ್ಲಿ ನಿಂತಿದ್ದಳು.

“ಅಕ್ಕಾರ, ಹಾವು ಐತ್ರಿ. ಮನಿ ಹಿಂದ ಕಟ್ಟಿಗಿ ಒಟ್ಟಿದ್ವಿ, ಅಲ್ಲಿ ಸಿಕ್ತು. ಹೊಡೀಬ್ಯಾಡ್ರಿ ಅಂತ ಹ್ವಾದ ಸಲ ಹೇಳಿದ್ರಲ್ಲ, ಅದಕ್ಕ ಹಿಡದಿಟ್ಟೀನಿ. ವಿಷದ್ದೇನ್ರಿ?”

ಬಗ್ಗಿ ನೋಡಿದೆ. ಕಪ್ಪು ಮೈ, ತೆಳ್ಳಗಿನ ಬಿಳಿ ಪಟ್ಟಿ. ಇಲ್ಲಿಯವರು ಮಣ್ಯಾರ್ ಅನ್ನುವುದಕ್ಕೂ ಹಾಗೇ, ಕವಡ್ಯಾ ಅನ್ನುವುದಕ್ಕೂ ಹಾಗೇ. ಮಣ್ಯಾರ್ ಕಚ್ಚಿದರೆ ಸಾವು. ಕವಡ್ಯಾ ಹಲ್ಲಿ ತಿಂದುಕೊಂಡಿರುವ ಪಾಪದ್ದು. ಗೊತ್ತಾಗಲಿಲ್ಲ. ಇನ್ನೊಮ್ಮೆ ಬಗ್ಗಿದೆ.

“ಎಂತ ವಿನೋದಿನಿ ಟೀಚರೇ, ನಿಮಗೂ ಹೆದರಿಕೆಯಾ?” ಮೋನಪ್ಪಣ್ಣ. ಎಲ್ಲರೂ ನಕ್ಕರು. ಈ ಕೆಲಸಕ್ಕೆ ಹೆಂಗಸು ಯಾಕೆ ಎಂದು ಕಮಿಟಿಯಲ್ಲಿ ಕೇಳಿದವರು ಸ್ವಲ್ಪ ಜಾಸ್ತಿಯೇ ನಕ್ಕರು.

“ಕವಡ್ಯಾ. ವಿಷವಿಲ್ಲ,” ಅಂದೆ. ದನಿ ಗಟ್ಟಿಯಾಗಿಯೇ ಬಂತು. “ಸಿಕ್ಕಿದಲ್ಲೇ ಬಿಟ್ಟುಬಿಡಿ.”

ಬಿಟ್ಟ. ಚಪ್ಪಾಳೆ.

ಅದೇ ದಿನ, ಊಟದ ನಂತರ

ಪುಸ್ತಕ ತೆಗೆದೆ. ಕವಡ್ಯಾಕ್ಕೆ ಪಟ್ಟಿ ಕುತ್ತಿಗೆಯಿಂದಲೇ ಶುರು, ಬಾಲದ ಕಡೆ ಮಾಸುತ್ತದೆ. ಮಣ್ಯಾರ್‌ಗೆ ಕುತ್ತಿಗೆ ಬರಿದು, ಬಾಲದ ಕಡೆ ಪಟ್ಟಿ ಸ್ಪಷ್ಟ.

ಗಡಿಗೆಯಲ್ಲಿದ್ದದ್ದರ ಕುತ್ತಿಗೆ ಬರಿದಾಗಿತ್ತೇ?

… ಬರಿದಾಗಿತ್ತು.

೧೨ ಡಿಸೆಂಬರ್

ಅಂಧೇರಿಗೆ ಹೋಗಿ ಹೇಳಬೇಕು. ಇವತ್ತು ಪರೀಕ್ಷೆ ಪೇಪರು. ನಾಳೆ ಸ್ಟಾಫ್ ಮೀಟಿಂಗ್. ಕಾಗದ ಬರೆದರೆ ಅವನಿಗೆ ಓದಲು ಬರುವುದಿಲ್ಲ, ಇನ್ಯಾರಿಂದಲೋ ಓದಿಸುತ್ತಾನೆ — ಸಂಘದವರೆಗೆ ಬರುತ್ತದೆ. ನಾನೇ ಹೋಗಬೇಕು.

೧೬, ಭಾನುವಾರ

ಸಂಘದವರೊಂದಿಗೆ ಪೊವಾಯಿ ಕೆರೆ. ಉತ್ತರದಿಂದ ಬಂದ ಬಾತುಗಳು ನೂರಾರು. ಅಂಧೇರಿಯಲ್ಲೇ ಇಳಿದು ಬಸ್ಸು ಹಿಡಿದದ್ದು. ಕಾಶಪ್ಪನ ಮನೆ ಅಲ್ಲಿಂದ ಹದಿನೈದು ನಿಮಿಷ. ಹೋಗುವಾಗ ಗುಂಪು ಜೊತೆಗಿದೆ ಎಂದುಕೊಂಡೆ. ಬರುವಾಗ ಕಾಲು ನೋವು ಎಂದುಕೊಂಡೆ. ಚಳಿಗೆ ಹಾವು ಬಿಲ ಬಿಟ್ಟು ಬರುವುದಿಲ್ಲ ಎಂದುಕೊಂಡೆ.

೨೮ ಡಿಸೆಂಬರ್

ಮೋನಪ್ಪಣ್ಣ ಮನೆಗೇ ಬಂದರು. ಕೂರಲಿಲ್ಲ.

“ಕಾಶಪ್ಪನ ಹೆಂಡ್ತಿ ಉಂಟಲ್ಲ, ರುದ್ರವ್ವ… ಅವಳಿಗೆ ಮೊನ್ನೆ ಬೆಳಗಿನ ಜಾವ ಹಾವು ಕಚ್ಚಿತಂತೆ. ನೆಲದಲ್ಲಿ ಮಲಗಿದ್ದಳಂತೆ. ಪರೇಲಿನ ಆಸ್ಪತ್ರೆಯಲ್ಲಿದ್ದಾಳೆ.”

“ಯಾವ ಹಾವು?” ನಾನೇ ಕೇಳಿದೆ.

“ಹೊಡೆದು ಡಾಕ್ಟರಿಗೆ ತೋರಿಸಿದ್ರಂತೆ. ಮಣ್ಯಾರ್.”

೨೯

ಆಸ್ಪತ್ರೆ. ರುದ್ರವ್ವನಿಗೆ ಕಣ್ಣುರೆಪ್ಪೆ ಎತ್ತಲು ಆಗುತ್ತಿಲ್ಲ. ನುಂಗಲೂ ಆಗುತ್ತಿಲ್ಲ. ಇಂಜೆಕ್ಷನ್ ಮೇಲೆ ಇಂಜೆಕ್ಷನ್. ಕಾಶಪ್ಪ ಹೊರಗೆ ಗೋಡೆಗೊರಗಿ ಕೂತಿದ್ದವನು ನನ್ನನ್ನು ನೋಡಿ ಎದ್ದು ಕೈ ಮುಗಿದ. ನನಗೆ!

“ನೀವ್ಯಾಕ ಬರಾಕ ಹೋದ್ರಿ ಅಕ್ಕಾರ. ಮಂದಿ ನಿಮ್ಮ ಹೆಸರು ಹೇಳಾಕತ್ತಾರ. ನಾ ಹೇಳಾಕ ಬಿಟ್ಟಿಲ್ರಿ. ಅಕ್ಕಾರ ಹೇಳಿದ ಹಾವು ಬ್ಯಾರೆ, ಇದು ಬ್ಯಾರೆ ಅಂತ ಅಂದೀನಿ.”

ಬಾಯಿ ತೆರೆದೆ. ಒಳಗೆ ನರ್ಸ್ ಕರೆದಳು, ಅವನು ಓಡಿದ. ಕಿತ್ತಳೆ ಹಣ್ಣು ಬೆಂಚಿನ ಮೇಲಿಟ್ಟು ಬಂದುಬಿಟ್ಟೆ. ಕಾಯಬಹುದಿತ್ತು. ಕಾಯಲಿಲ್ಲ.

೬ ಜನವರಿ ೧೯೫೭

ಪ್ರಾಣಾಪಾಯವಿಲ್ಲವಂತೆ. ಅಳು ಬಂತು. ಅವಳು ಉಳಿದಳೆಂದೋ, ನಾನು ಉಳಿದೆನೆಂದೋ… ಕೇಳಿಕೊಳ್ಳುವ ಧೈರ್ಯವಿಲ್ಲ.

ಮೋನಪ್ಪಣ್ಣನ ಮುಂದೆ ಎಲ್ಲ ಹೇಳಿದೆ. ಮಫ್ಲರ್ ಬಿಚ್ಚಿ ಮತ್ತೆ ಸುತ್ತಿಕೊಂಡರು.

“ಆದದ್ದು ಆಗಿಹೋಯ್ತು ಟೀಚರೇ. ಇನ್ನು ಯಾರ ಹತ್ರವೂ ಹೇಳ್ಲಿಕ್ಕೆ ಹೋಗ್ಬೇಡಿ. ಸಂಘದ ಹೆಸರುಂಟು. ಹೆಂಗಸು ಬದುಕಿದಳಲ್ಲ?”

ಹೌದು, ಬದುಕಿದಳು.

೨೦ ಜನವರಿ, ಭಾನುವಾರ

ಬದುಕಿದಳಲ್ಲ ಎಂಬ ಮಾತು ಹಿಡಿದುಕೊಂಡೇ ಎರಡು ವಾರ ಇದ್ದೆ. ಇವತ್ತು ಒಬ್ಬಳೇ ಅಂಧೇರಿಗೆ. ರುದ್ರವ್ವ ಬಿಸಿಲಿಗೆ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ಬೆರಳು ಇನ್ನೂ ಸರಿಯಾಗಿ ಹಿಡಿತಕ್ಕೆ ಬಂದಿಲ್ಲ. ಕಾಶಪ್ಪ ಗಿಡಗಳಿಗೆ ನೀರು ಬಿಡಲು ಹೋಗಿದ್ದ. ಅವಳೆದುರು ಕೂತು ಹೇಳಿದೆ. ನನಗೆ ಗೊತ್ತಿರಲಿಲ್ಲ. ಗೊತ್ತಿದೆ ಅಂದೆ. ಆಮೇಲೆ ಗೊತ್ತಾಯಿತು. ಆದರೂ ಬರಲಿಲ್ಲ.

ಸೊಪ್ಪಿನಿಂದ ತಲೆ ಎತ್ತಲಿಲ್ಲ ಅವಳು.

“ಆವತ್ತ ನಂಗ ಅನಿಸಿತ್ರಿ ಅಕ್ಕಾರ. ಎರಡು ಸಲ ಬಗ್ಗಿ ನೋಡಿದ್ರಿ. ಮಾರಿ ಸಣ್ಣದಾಗಿತ್ತು. ಇವರಿಗೆ ತಿಳಿದಂಗಿಲ್ಲ ಅಂದ್ಕೊಂಡೆ. ಖರೇ ಹೇಳ್ರಿ ಅಂತ ಕೇಳಬೇಕಂತ ಮಾಡಿದ್ದೆ. ಅಷ್ಟು ಮಂದಿ ಗಂಡಸರು ನಗಾಕತ್ತಿದ್ರು… ಅವರ ಮುಂದ ನಾನೂ ನಿಮ್ಮನ್ನ ಕೇಳೂದ ಬ್ಯಾಡ ಅಂತ ಸುಮ್ಮಾದೆ.”

ನನ್ನ ಮಾನ ಕಾಯಲು. ಅವಳು.

ಕೆಂಡದಂಥ ಬೈಗುಳ ತಿನ್ನಲು ಸಿದ್ಧಳಾಗಿ ಹೋಗಿದ್ದೆ. ಇದಕ್ಕೆ ಸಿದ್ಧಳಾಗಿರಲಿಲ್ಲ.

“ಅವರಿಗೂ ಹೇಳ್ರಿ,” ಅಂದಳು. “ನಿಮ್ಮ ಸಲುವಾಗಿ ಊರ ಮಂದಿ ಜೋಡಿ ಜಗಳಾಡ್ಯಾರ.”

ಕಾಶಪ್ಪ ಬೇಲಿ ದಾಟಿ ಬರುತ್ತಿದ್ದ. ದೂರದಿಂದಲೇ, “ಯಾವಾಗ ಬಂದ್ರಿ ಅಕ್ಕಾರ? ಚಾ ಆತೇನ್ರಿ?”

ಕಾಶಪ್ಪಾ, ಅಂದೆ. ಆ ದಿನ ಗಡಿಗೆಯಲ್ಲಿ ಇದ್ದದ್ದು—