ನೂರುನ್ನೀಸಾಳ ತಾಯಿ

7-11-93, ಭಾನುವಾರ

ಎಂಟನೇ ಕ್ಲಾಸಿನ ಪೇಪರ್ ಇನ್ನೂ ಅರ್ಧ ಬಾಕಿ. ಕೆಂಪು ಪೆನ್ನು ಹಿಡಿದು ಸುಮ್ಮನೆ ಕೂತಿದೀನಿ.

ಚಿಕ್ಕಬಳ್ಳಾಪುರದಿಂದ ಮಾಮಿ ಬಂದಿದ್ದರು. ಷರೀಫ್ ಮಾಮು ಹೋದಮೇಲೆ ಮನೆ ಖಾಲಿ ಮಾಡ್ತಿದಾರೆ. ಮಾಮು ಅಮ್ಮಿಯ ಮಲತಮ್ಮ. ಅವರ ತಾಯಿಯ ಟ್ರಂಕಿನ ತಳದಲ್ಲಿ ಒಂದು ಫೋಟೋ ಸಿಕ್ಕಿತಂತೆ. ಅಮ್ಮಿ ಕೈಗೆ ಕೊಟ್ಟು, ನಿಮ್ಮ ಹೆತ್ತಮ್ಮ ಇವರೇ, ಅತ್ತೆ ಯಾವಾಗಲೋ ತೋರಿಸಿದ್ದರು ಅಂದರು.

ಕುರ್ಚಿ ಮೇಲೆ ಕೂತ ಹುಡುಗಿ. ತಲೆ ಮೇಲೆ ಸೆರಗು. ತೊಡೆ ಮೇಲಿನ ಮಗು ಅಲುಗಾಡಿಬಿಟ್ಟಿದೆ, ಮುಖ ಮಸುಕು. ಹಿಂದೆ ಚಿಂತಾಮಣಿಯ ಸ್ಟುಡಿಯೋ ಸೀಲು.

ಅಮ್ಮಿಗೆ ಅರವತ್ತು ಹತ್ತಿರ. ತಾಯಿ ಮುಖ ಇವತ್ತೇ ನೋಡಿದ್ದು. ನಾಲ್ಕು ವರ್ಷದವಳಿದ್ದಾಗ ಹೋದರಂತೆ. ಹೆಸರು ಗೌಹರ್ ಅನ್ನೋದು ಬಿಟ್ಟರೆ ಮನೇಲಿ ಇನ್ನೇನೂ ಯಾರೂ ಹೇಳಿಲ್ಲ. ಕನ್ನಡಕ ಒರೆಸಿ ಒರೆಸಿ ನೋಡಿದಳು. ಅಳ್ತಾಳೆ ಅಂದುಕೊಂಡೆ.

"ಎಷ್ಟು ಚಿಕ್ಕೋಳು ನೋಡೇ ತಾಹಿರಾ... ನಿನ್ನ ಸ್ಕೂಲ್ ಹುಡುಗಿ ಥರ ಇದಾಳೆ" ಅಂದಳು.

ಸಂಜೆ ಪಾತ್ರೆ ತೊಳೀತಾ ಕೇಳಿದಳು — ಅವಳ ಮಣ್ಣು ಎಲ್ಲಿದೆ ಅಂತ ಹುಡುಕಿ ಕೊಡ್ತೀಯಾ?

12-11-93

ಅಮ್ಮಿಯ ತಂದೆ, ನಮ್ಮ ನಾನಾ, ಬದುಕಿದ್ದಾಗ ಈ ಮಾತು ಬಂದರೆ ಒಂದೇ ಉತ್ತರ. ಪ್ಲೇಗಿನ ವರ್ಷ. ತೊಂಡೇಬಾವಿ ಕಡೆ ಮಣ್ಣು ಮಾಡಿದ್ದು, ಗುರುತು ಉಳಿದಿಲ್ಲ. ಅಷ್ಟೇ. ಶಿಡ್ಲಘಟ್ಟದಲ್ಲಿ ರೇಷ್ಮೆ ವ್ಯಾಪಾರ ಮಾಡೋರೆಲ್ಲ ಮರ್ಯಾದೆ ಕೊಡೋ ಮನುಷ್ಯ. ಅವರ ಮಾತನ್ನ ಅಮ್ಮಿ ಮತ್ತೆ ಕೆದಕಿ ಕೇಳಿದ್ದೇ ಇಲ್ಲ.

21-11-93, ಭಾನುವಾರ

ಚಿಂತಾಮಣಿಗೆ ಹೋಗಿದ್ದೆ. ಸ್ಟುಡಿಯೋ ಈಗ ಇಲ್ಲ, ಚಪ್ಪಲಿ ಅಂಗಡಿ. ಅಲ್ಲಿಂದ ಖಾಲಾ ಮನೆಗೆ. ನಾನಾ ಅವರ ಅಕ್ಕನ ಮಗಳು, ತುಂಬ ವಯಸ್ಸಾಗಿದೆ. ಹಳೇ ಕಾಲದವರು ಅಂತ ಇನ್ನು ಅವರೊಬ್ಬರೇ.

ಫೋಟೋ ಕೊಟ್ಟೆ. ನೋಡಿದರು. ಬೋರಲು ಮಾಡಿ ಮಂಚದ ಮೇಲಿಟ್ಟರು. ಚಹಾ ಆಯ್ತು. ಮೊಮ್ಮಗಳ ಮದುವೆ ವಿಷಯ ಆಯ್ತು. ಎದ್ದು ಹೊರಟಾಗ ಬಾಗಿಲವರೆಗೂ ಗೋಡೆ ಹಿಡಿದುಕೊಂಡು ಬಂದರು.

"ತೊಂಡೇಬಾವಿ ಅಲ್ಲ ಮಗಾ. ಗೌರಿಬಿದನೂರು. ನೀನು ಹೋಗು. ನಿಮ್ಮಮ್ಮಿ ನೂರುನ್ನೀಸಾನ ಕರ್ಕೊಂಡು ಹೋಗ್ಬೇಡ."

ಯಾಕೆ ಅಂದೆ. ಕಿವಿ ಕೇಳದವರ ಹಾಗೆ ಒಳಗೆ ಹೋದರು.

28-11-93, ಭಾನುವಾರ

ಬರೆಯೋಕೆ ಆಗ್ತಿಲ್ಲ. ಬರೀದೆ ಇರೋಕೂ ಆಗ್ತಿಲ್ಲ.

ನಮ್ಮ ಮನೆಯವರು, ಬಷೀರ್ ಸಾಹೇಬರು, ಅಂಗಡಿ ಮುಚ್ಚಿ ನನ್ನ ಜೊತೆ ಬಂದರು. ಮದುವೆಯಾದಮೇಲೆ ನನಗೋಸ್ಕರ ಭಾನುವಾರ ಅಂಗಡಿ ಮುಚ್ಚಿದ್ದು ಇದೇ ಮೊದಲು. ಖಬರಸ್ತಾನ ನೋಡಿಕೊಳ್ಳೋ ಅಮಾನುಲ್ಲಾ ಸಾಹೇಬರು, ಹೆಂಗಸರು ಗೇಟಲ್ಲೇ ನಿಲ್ಲಿ ಅಂದರು. ನಿಂತೆ. ಇವರು ಒಳಗೆ ಹೋಗಿ ಒಂದೊಂದೇ ಕಲ್ಲು ಓದ್ತಾ ಹೋದರು. ಬೇವಿನ ಮರದ ಹತ್ತಿರ ನಿಂತುಬಿಟ್ಟರು. ತುಂಬ ಹೊತ್ತು. ಆಮೇಲೆ ಅಮಾನುಲ್ಲಾ ಸಾಹೇಬರ ಕಿವೀಲಿ ಏನೋ ಹೇಳಿದರು. ಅವರು ನನ್ನ ಕಡೆ ನೋಡಿ, ಬಾಮ್ಮ ಅಂದರು.

ಚಿಕ್ಕ ಕಲ್ಲು. ಉರ್ದುವಿನಲ್ಲಿ ಮೂರು ಸಾಲು.

ಗೌಹರ್ ಬೀ.
ನೂರುನ್ನೀಸಾಳ ತಾಯಿ.
1969.

ಬೇರೆ ಹೆಂಗಸರ ಕಲ್ಲಿನ ಮೇಲೆಲ್ಲ ಗಂಡನ ಹೆಸರು, ಇಲ್ಲ ತಂದೆ ಹೆಸರು. ಇದರ ಮೇಲೆ ಅಮ್ಮಿ ಹೆಸರು.

ಅರವತ್ತೊಂಬತ್ತರಲ್ಲಿ ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ. ಜಡೆಗೆ ರಿಬ್ಬನ್ ಕಟ್ಟಿಕೊಂಡು ಓಡಾಡ್ತಿದ್ದೆ. ಅಮ್ಮಿಯ ತಾಯಿ, ನನ್ನ ನಾನಿ, ಬದುಕಿದ್ದರು. ಎರಡು ಬಸ್ ಹತ್ತಿದರೆ ಸಿಗ್ತಿದ್ದರು.

ಅವರಿದ್ದ ಮನೆ ಯಾವುದು ಅಂತ ಕೇಳಿದ್ದಕ್ಕೆ ಅಮಾನುಲ್ಲಾ ಸಾಹೇಬರು ಅಶ್ವತ್ಥಮ್ಮನವರ ಹತ್ತಿರ ಕಳಿಸಿದರು. ಒಕ್ಕಲುತನದ ದೊಡ್ಡ ಮನೆ. ನಾನಿ ಇದ್ದದ್ದು ಅದರ ಪಕ್ಕದ ಒಂದು ರೂಮಿನಲ್ಲಿ, ರವಿಕೆ ಲಂಗ ಹೊಲಿದುಕೊಂಡು. ಅಶ್ವತ್ಥಮ್ಮನವರಿಗೆ ಎಪ್ಪತ್ತೈದರ ಮೇಲಿದೆ. ನನ್ನ ಮುಖ ನೋಡ್ತಿದ್ದ ಹಾಗೇ, "ಏಮ್ಮಾ, ಗೌಹರ್ ಮೊಮ್ಮಗಳಾ?" ಅಂದರು. ಎಲ್ಲಾ ಹೇಳಿದರು.

ನಾನಿಯ ತಂದೆಗೆ ಸೀರಿಯಸ್ ಅಂತ ಸುದ್ದಿ ಬಂದಿದೆ. ನಾನಾ ಊರಲ್ಲಿರಲಿಲ್ಲ. ಕೇಳದೆ ತವರಿಗೆ ಹೊರಟುಬಂದಿದಾರೆ, ಮಗೂನ ಅತ್ತೆ ಹತ್ತಿರ ಬಿಟ್ಟು. ತಂದೆಯ ಮಣ್ಣು ಮುಗಿಸಿ ವಾಪಸ್ ಹೋದರೆ ಬಾಗಿಲು ತೆಗೆದಿಲ್ಲ. ತಲಾಖ್. ಮಗಳನ್ನ ಕೇಳಿಕೊಂಡು ಮತ್ತೆ ಬಂದರೆ ಹೈದರಾಬಾದಿಗೆ ಕಳಿಸಿಬಿಡ್ತೀನಿ, ಎಲ್ಲಿದಾಳೆ ಅನ್ನೋದೂ ಗೊತ್ತಾಗಲ್ಲ ಅಂದರಂತೆ ನಾನಾ. ಮಗುವಿಗೆ ಮಾತ್ರ, ಅಮ್ಮ ಸತ್ತುಹೋದಳು.

ಅಮ್ಮಿಯ ಮದುವೆಗೆ ನಾನಿ ಹೋಗಿದ್ದರಂತೆ. ಬುರ್ಖಾ ಹಾಕಿಕೊಂಡು, ಹೆಂಗಸರ ಪಂಕ್ತಿಯಲ್ಲಿ ಕೂತು ಉಂಡು ಬಂದರಂತೆ. ಊಟ ಚೆನ್ನಾಗಿತ್ತು ಅಂದಳು, ಆಮೇಲೆ ಎಷ್ಟೋ ದಿನ ನೆಟ್ಟಗೆ ಅನ್ನ ಮುಟ್ಟಲಿಲ್ಲ ಅಂದರು ಅಶ್ವತ್ಥಮ್ಮ.

ಮದುವೆ ಆದಮೇಲಾದರೂ ಬರಬಹುದಿತ್ತಲ್ಲ ಅಜ್ಜಿ ಅಂದೆ.

"ನಾನೂ ಅಂದೆ ಕಣಮ್ಮ. ಸತ್ತೋಳು ಎದ್ದು ಹೋದ್ರೆ ಮಗಳ ಗಂಡನ ಮನೇಲಿ ಏನಂತಾರೆ, ಅವಳ ಬಾಳು ನೆಟ್ಟಗಿರ್ಲಿ ಅಂದ್ಳು."

29-11-93

ಅಮ್ಮಿ ಕೇಳಿದಳು. ಸಿಗಲಿಲ್ಲ ಅಂದೆ.

9-1-94, ಭಾನುವಾರ

ಮನೆ ತುಂಬ ಅವರೆಕಾಯಿ ವಾಸನೆ. ಅಮ್ಮಿ, ನಾನು ಕೂತು ಕಾಳು ಹಿಸುಕಿದ್ವಿ. ಫೋಟೋಗೆ ಫ್ರೇಮ್ ಹಾಕಿಸಿದಾಳೆ. ನನ್ನ ಹುಬ್ಬು ಅವಳ ಥರಾನೇ ಅಂತಾಳೆ. ನಾನು ಕಾಳಿನ ಕಡೇನೇ ನೋಡ್ತಿದ್ದೆ.

ಇವರು ಹೇಳಬೇಡ ಅಂತಾರೆ. ಈ ವಯಸ್ಸಲ್ಲಿ ತಿಳಿದು ಏನಾಗಬೇಕು ಅಂತಾರೆ. ಸರಿಯೇ. ಆದರೆ ಖಾಲಾಗೆ ಗೊತ್ತಿತ್ತು. ಮಲತಾಯಿಗೆ ಗೊತ್ತಿತ್ತು. ಷರೀಫ್ ಮಾಮುಗೂ ಗೊತ್ತಿತ್ತೋ ಏನೋ. ಎಲ್ಲರೂ ಅವಳ ಒಳ್ಳೇದಕ್ಕೇ ಸುಮ್ಮನಿದ್ದರು. ಈಗ ನಾನೂ ಅವರ ಸಾಲಿನಲ್ಲಿ.

28-1-94, ಶುಕ್ರವಾರ

ಹೇಳಿಬಿಟ್ಟೆ.

ಷಬ್-ಎ-ಬರಾತ್. ಸಂಜೆಗೆ ಮುಂಚೆ ಹಲ್ವಾ ಮಾಡಿ ಫಾತಿಹಾಗೆ ಇಟ್ಟಿದ್ದಳು. ತೀರಿಹೋದವರ ಹೆಸರು ಹೇಳ್ತಾ ಬಂದಳು. ತಾಯಿ ಹೆಸರಿಗೆ ನಿಂತು, ಎಲ್ಲಿ ಮಲಗಿದಾಳೋ ಆ ಪ್ಲೇಗಿನ ಮಣ್ಣಲ್ಲಿ ಅಂದಳು. ತಡೆಯೋಕೆ ಆಗಲಿಲ್ಲ. ಕಲ್ಲು, ಅದರ ಮೇಲಿನ ಹೆಸರು, ಅಶ್ವತ್ಥಮ್ಮ ಹೇಳಿದ್ದು... ಒಂದನ್ನೂ ಬಿಡದೆ.

ಅಮ್ಮಿ ಅಳಲಿಲ್ಲ. ಹಲ್ವಾ ಮೇಲೆ ತಟ್ಟೆ ಮುಚ್ಚಿದಳು.

"ಯಾವ ವರ್ಷ ಅಂದೆ?"

ಅರವತ್ತೊಂಬತ್ತು ಅಂದೆ.

"ಆಗ ನಿನ್ನ ತಂಗಿ ರಹೀಮಾ ಹೊಟ್ಟೇಲಿದ್ದಳು. ಹೆರಿಗೇಲಿ ಅಮ್ಮಾ ಅಮ್ಮಾ ಅಂತ ಕೂಗಿಕೊಂಡೆ. ದಾಯಿ ಬೈದಳು, ಇಲ್ಲದೋರನ್ನ ಯಾಕೆ ಕೂಗ್ತೀಯಾ ಅಂತ."

ಹಲ್ವಾ ಎತ್ತಿಕೊಂಡು ಒಳಗೆ ಹೋದಳು.

30-1-94

ಹಾಲ್‌ನಲ್ಲಿರೋ ನಾನಾ ಫೋಟೋ ತೆಗೀತೀನಿ ಅಂತ ಸ್ಟೂಲ್ ಹತ್ತಿದೆ. ಅಷ್ಟು ಸಿಟ್ಟು. ನನ್ನ ಓದಿಸಿದ್ದು ಅವರೇ. ಹೆಣ್ಣುಮಕ್ಕಳು ಕಾಲೇಜಿಗೆ ಹೋಗಬೇಕು ಅಂತ ಮನೆಮಂದಿ ಜೊತೆ ಜಗಳ ಆಡಿದವರು.

ಅಮ್ಮಿ ಇಳಿ ಅಂದಳು. ತನಗೆ ಜ್ವರ ಬಂದಾಗ ರಾತ್ರಿ ಪೂರ್ತಿ ಹೆಗಲ ಮೇಲೆ ಹಾಕಿಕೊಂಡು ಓಡಾಡ್ತಿದ್ದರಂತೆ. ಜಡೆ ಹಾಕೋದನ್ನೂ ಕಲಿತು ಅವರೇ ಹಾಕ್ತಿದ್ದರಂತೆ.

"ತುಂಬ ಪ್ರೀತಿ ಮಾಡಿದ್ರು. ಅದನ್ನೆಲ್ಲಿ ಇಡ್ಲಿ ಹೇಳು ಈಗ."

ಇಳಿದೆ.

6-2-94, ಭಾನುವಾರ

ಅಮ್ಮೀನ ಕರ್ಕೊಂಡು ಹೋಗಿದ್ದೆ. ಮೊದಲು ಅಶ್ವತ್ಥಮ್ಮನ ಮನೆ. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೂತರು. ನಾನಿ ಇದ್ದ ರೂಮಿನಲ್ಲಿ ಈಗ ಗೊಬ್ಬರದ ಮೂಟೆ. ಅಮ್ಮಿ ಗೋಡೆ ಸವರಿ ನೋಡಿದಳು.

ಖಬರಸ್ತಾನದಲ್ಲಿ ಅಮಾನುಲ್ಲಾ ಸಾಹೇಬರು ಏನೂ ಅನ್ನದೆ ಗೇಟ್ ತೆಗೆದರು. ಅಮ್ಮಿ ನನ್ನನ್ನ ದೂರ ಇರು ಅಂದಳು. ಕಲ್ಲಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಳು. ದುವಾ ಓದ್ತಿದಾಳೆ ಅಂದುಕೊಂಡೆ. ಅಲ್ಲ. ಮಾತಾಡ್ತಿದ್ದಳು. ತವರಿಗೆ ಬಂದ ಮಗಳು ಒಲೆ ಮುಂದೆ ಕೂತು ಹೇಳ್ತಾಳಲ್ಲ, ಹಾಗೆ. ಮಲತಾಯಿ ಹೊಡೀತಿರಲಿಲ್ಲ ಅನ್ನೋದು. ಮೈನೆರೆದಾಗ ಹೆದರಿ ಕೊಟ್ಟಿಗೇಲಿ ಬಚ್ಚಿಟ್ಟುಕೊಂಡಿದ್ದು. ಗಂಡ ಒಳ್ಳೆಯವರು, ಬೇಗ ಹೋದರು ಅನ್ನೋದು. ನಡುನಡುವೆ ನಗೋಳು. ಅಮ್ಮಿ ಹಾಗೆ ನಗೋದನ್ನ ನಾನು ಕೇಳೇ ಇರಲಿಲ್ಲ.

ನಾನು ಹುಟ್ಟಿದ ಸುದ್ದಿಗೆ ಬರೋ ಹೊತ್ತಿಗೆ ಸಾಯಂಕಾಲದ ಅಸರ್ ಅಜಾನ್ ಆಯ್ತು. ಬಸ್ ತಪ್ಪುತ್ತೆ ಅಮ್ಮಿ ಅಂದೆ. ಎದ್ದಳು. ಎರಡು ಹೆಜ್ಜೆ ಬಂದು, ಅಲ್ಲೇ ಕುಸಿದು ಕೂತು ಅತ್ತಳು. ನಾಲ್ಕು ವರ್ಷದ ಮಗು ಅಳೋ ಥರ. ನನ್ನ ಕೈಲಿ ಎಬ್ಬಿಸೋಕೆ ಆಗಲಿಲ್ಲ.

7-2-94, ಬೆಳಿಗ್ಗೆ

ನಾನು ಏಳೋ ಹೊತ್ತಿಗೆ ಅಮ್ಮಿ ಬುರ್ಖಾ ಹಾಕಿಕೊಂಡು ರೆಡಿಯಾಗಿ ಕೂತಿದಾಳೆ. ಇನ್ನೂ ಹೇಳೋದು ತುಂಬ ಇದೆ ಅಂತಾಳೆ. ಸ್ಕೂಲಿದೆ, ಭಾನುವಾರ ಹೋಗಣ ಅಂದೆ. ಅಲ್ಲೀವರೆಗೂ ಅವಳೊಬ್ಬಳೇ ಇರ್ತಾಳಲ್ಲ ಅಂದಳು.

ರಜೆ ಅರ್ಜಿ ಬರೆಯೋಕೆ ಕೂತೆ. ಹೆಡ್‌ಮಾಸ್ಟರ್ ಕಾರಣ ಕೇಳದೆ ಬಿಡಲ್ಲ. ತಾಯಿಗೆ ಹುಷಾರಿಲ್ಲ ಅಂತ ಬರೆದು ಹೊಡೆದುಹಾಕಿದೆ. ಅಜ್ಜಿ ತೀರಿಕೊಂಡಿದ್ದಾರೆ ಅಂತ ಬರೆದೆ. ಯಾವಾಗ ಅಂತ ಕೇಳಿದರೆ —