ಲಂಡನ್ ಚೌಡೇಶ

ಕೊಳ್ಳೇಗಾಲ
೧೨ ಆಗಸ್ಟ್ ೨೦೨೫, ಮಂಗಳವಾರ

ನನ್ನ ಯಜಮಾನರಿಗೆ, ಮುನಿಸಿನಲ್ಲೇ ನಮಸ್ಕಾರ.

ಕೈಯಲ್ಲೇ ಫೋನ್ ಇರುವಾಗ ಇವಳೇಕೆ ಕಾಗದ ಬರೆದಳು ಅಂದುಕೊಳ್ಳಬೇಡಿ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ಕರಗಿಹೋಗುತ್ತೇನೆ. ಆ ದನಿಯನ್ನು ನಂಬಿಯೇ ಕೆಟ್ಟವಳು ನಾನು.

ಇಂಗ್ಲೆಂಡಿನ ನಟ ಜೂಲಿಯನ್ ಪೆಂಬ್ರಿಗೆ ನೀವು ಮೊದಲ ಸಲ ಕನ್ನಡದ ದನಿ ಕೊಟ್ಟಾಗ ನಮ್ಮ ನೇಕಾರರ ಬೀದಿಯೇ ಟಿವಿ ಮುಂದೆ ಕೂತಿತ್ತು. ಅವನು ತೊದಲುತ್ತಾ ಹುಡುಗಿಗೆ ಪ್ರೀತಿ ಹೇಳುವಾಗ ಅತ್ತೆ ಅವನಿಗೆ ನಿಮ್ಮ ಹೆಸರನ್ನೇ ಇಟ್ಟು, "ನೋಡಮ್ಮಿ, ನಮ್ಮ ಲಂಡನ್ ಚೌಡೇಶ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದರು. ಆಮೇಲೆ ಅವನ ಸಿನಿಮಾಗಳು ಒಂದರ ಹಿಂದೊಂದು ಮಕಾಡೆ ಮಲಗಿದವು. ವಯಸ್ಸಾಯಿತು, ಆದರೂ ಅದೇ ತೊದಲು, ಅದೇ ಪೆಚ್ಚುನಗು. ಯಾರು ನೋಡುತ್ತಾರೆ? ಅವನು ಅಲ್ಲಿ ಮನೆ ಸೇರಿದ, ನೀವು ಇಲ್ಲಿ ಮಗ್ಗದ ಗುಂಡಿಗೆ ಇಳಿದಿರಿ. ಲಾಳಿ ಎಸೆದಾಗಲೆಲ್ಲ ಸಿಡುಕು. ಆದರೂ ಹೇಳಿಬಿಡುತ್ತೇನೆ, ಅವನು ಸೋತಿದ್ದ ವರ್ಷಗಳೇ ನನಗೆ ಸುಖದ ವರ್ಷಗಳು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಕೂತು ಮುದ್ದೆ ಉಣ್ಣುತ್ತಿದ್ದೆವು.

ಹೋದ ವರ್ಷ ಅವನು ಪ್ರೇಮಿಯ ವೇಷ ಬಿಟ್ಟು ಮೋಸಗಾರನ ಪಾತ್ರ ಮಾಡಿ ಮತ್ತೆ ಗೆದ್ದ. ಬೆಂಗಳೂರಿನ ಸ್ಟುಡಿಯೋದವರು ಕರೆದರು, ಹೋದಿರಿ. ನಾಯಕಿಗೆ ದನಿ ಕೊಡುವ ಮೋನಿಕಾಳ ಮನೆಯಲ್ಲೇ ಉಳಿದಿರಿ. ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಯಿತು.

ಕಳೆದ ಗುರುವಾರ ಫೋನ್ ಮಾಡಿ ಅತ್ತಿರಿ. "ಹೋದಲ್ಲೆಲ್ಲ ಬಾಗಿಲಿತ್ತು, ಮನೆ ಇರಲಿಲ್ಲ. ಒಳಗೆ ಕರೆಯಬೇಡ, ಹೊಸಿಲ ಮೇಲೆ ಕೂರಲು ಜಾಗ ಕೊಡು ಸಾಕು" ಎಂದಿರಿ. ಇಷ್ಟು ಚೆಂದದ ಮಾತನ್ನು ನನಗೆ ಯಾರೂ ಆಡಿರಲಿಲ್ಲ. ಮುಂದಿನ ವಾರ ಶನಿವಾರ ಬನ್ನಿ ಎಂದುಬಿಟ್ಟೆ. ಅತ್ತೆಗೂ ಹೇಳಿದೆ. ಪಾಪ, ಅವರು ನಿಮ್ಮ ದಿಂಬಿಗೆ ಹೊಸ ಕವರು ಹಾಕಿಟ್ಟರು.

ಭಾನುವಾರ ಟಿವಿಯಲ್ಲಿ ಪೆಂಬ್ರಿಯ ಹೊಸ ಸಿನಿಮಾ ಬಂತು, ಮತ್ತೆ ಪ್ರೀತಿಯ ಕಥೆ. ಬಿಟ್ಟುಹೋದ ಹೆಂಡತಿಯ ಮನೆ ಮುಂದೆ ನಿಂತು ಅವನು ನಿಮ್ಮ ದನಿಯಲ್ಲಿ ಅದನ್ನೇ ಹೇಳಿದ. ಬಾಗಿಲು, ಮನೆ, ಹೊಸಿಲು, ಒಂದಕ್ಷರ ಆಚೀಚೆ ಇಲ್ಲ. ನಡುವೆ ಬಿಕ್ಕಿದ್ದೂ ಅಲ್ಲೇ. ಅತ್ತೆ ನನ್ನ ಮುಖ ನೋಡಿ, "ಯಾಕಮ್ಮಿ ಅಳ್ತಿದ್ದೀಯೆ? ಸಿನ್ಮಾ ಕಣಮ್ಮಿ ಅದು" ಎಂದರು. ಹೌದತ್ತೆ, ಸಿನಿಮಾ ಎಂದೆ.

ನನ್ನ ಪಾಲಿಗೆ ಒಂದು ಸ್ವಂತ ಮಾತೂ ಹುಟ್ಟಲಿಲ್ಲವೇ ನಿಮಗೆ? ತಪ್ಪಾಯ್ತು ಕಣೇ ಅಂದಿದ್ದರೂ ಸಾಕಿತ್ತಲ್ಲ. ಶನಿವಾರ ಬರಬೇಡಿ. ಅತ್ತೆಗೆ ಏನು ಹೇಳಬೇಕೋ ನಾನೇ ಹೇಳಿಕೊಳ್ಳುತ್ತೇನೆ.

'ನಿಮ್ಮವಳು' ಎಂದು ಬರೆಯಲು ಮನಸ್ಸಾಗದ,
ರತ್ನ

ತಾ.ಕ.: ಅವತ್ತು ಫೋನ್ ಇಡುವ ಮುಂಚೆ ನೀವು "ಉಂಡ್ಯಾ, ರತ್ನ?" ಅಂದಿರಿ. ಅದೂ ಅವನದೇ ಇರಬೇಕೆಂದು ನಿನ್ನೆ ಮೊಬೈಲಿನಲ್ಲಿ ಆ ಸಿನಿಮಾವನ್ನು ಮೊದಲಿಂದ ಕೊನೆತನಕ ಮತ್ತೆ ನೋಡಿದೆ. ಅವನು ಯಾರನ್ನೂ ಹಾಗೆ ಕೇಳುವುದಿಲ್ಲ. ಶನಿವಾರ ನನ್ನ ಕೈ ಒಂದು ಮುದ್ದೆ ಹೆಚ್ಚಿಗೆ ಕಟ್ಟಿಬಿಟ್ಟೀತೆಂದು ನನಗೆ ಭಯ.