ಯಲ್ಲಾಪುರ ನಗೆಸಂಜೆಯ ಸೀಡಿ

ಶಿರಸಿ, 20-8-2005, ಶನಿವಾರ

ಈ ಡೈರಿಯ ಮುಂದೆ ಕೈಮುಗಿದು ತಪ್ಪೊಪ್ಪಿಕೊಳ್ಳುತ್ತೇನೆ. ಇಂದು ಸೀಡಿ ಅಂಗಡಿಯವನು ಆಚೆ ತಿರುಗಿದಾಗ ಸಿನಿಮಾಗಳನ್ನೆಲ್ಲ ಹಿಂದೆ ತಳ್ಳಿ, ನಮ್ಮ ‘ಯಲ್ಲಾಪುರ ನಗೆಸಂಜೆ’ಯನ್ನು ಮುಂದೆ ನಿಲ್ಲಿಸಿ ಬಂದೆ.

ತೊಂಬತ್ತಾರರ ಆ ಕಾರ್ಯಕ್ರಮವನ್ನು ಮದುವೆ ವೀಡಿಯೋ ತೆಗೆಯುವ ನಂದನ ಈಗ ಸೀಡಿ ಮಾಡಿ ಮಾರುತ್ತಿದ್ದಾನೆ. ಸಂಜೆ ಮನೆಯವರೆಲ್ಲ ಕೂತು ನೋಡಿದೆವು. ಮೈಕಿನ ಮುಂದೆ ನಾನು, ತಲೆತುಂಬ ಕೂದಲು! ಮುಂದಿನ ಸಾಲಿನಲ್ಲಿ ಗೆಳೆಯ ದಿನಕರ ತೊಡೆ ತಟ್ಟಿಕೊಂಡು ನಗುತ್ತಿದ್ದಾನೆ. ಅವನು ತೀರಿಕೊಂಡು ಮೂರು ವರ್ಷವಾಯಿತು. ಆ ನಗು ಮಾತ್ರ ಕೇಳಿಸಲಿಲ್ಲ. ಮದುವೆಮನೆಯ ಗದ್ದಲ ಮುಚ್ಚುವ ಅಭ್ಯಾಸದಲ್ಲಿ ನಂದನ, ಸಭೆ ಜೋರಾಗಿ ನಕ್ಕಲ್ಲೆಲ್ಲ, ನಗಿಸಿದ ಮಾತೂ ಮುಳುಗುವಂತೆ, ನಾಗಸ್ವರ ತುಂಬಿದ್ದಾನೆ. ಮಂಗಳವಾದ್ಯದಲ್ಲೇ ನನ್ನ ಜೋಕಿಗೆ ಮಂಗಳ! ಆದರೂ ಅತಿ ಉದ್ದದ ನಾಗಸ್ವರ ನನ್ನದೇ.

“ಅಪ್ಪಾ, ಅಲ್ಲಿ ಎಂತ ಹೇಳಿದ್ಯ? ಎಲ್ಲಾ ಹಂಗೆ ನೆಗ್ಯಾಡ್ತಾ ಇದ್ದ!” ಎಂದಳು ಮಗಳು ಅಭಿಜ್ಞಾ.

“ಒಂಬತ್ತು ವರ್ಷ ಆತು ನಿಂಗ ಅದ್ನೇ ಕೊಚ್ಚಿಕೊಳ್ಳಲೆ ಹಿಡ್ದು. ಈಗ ಅವ್ಳಿಗೆ ಹೇಳಿ ನೋಡನ,” ಎಂದಳು ಹೆಂಡತಿ ಸೀತಾ.

“ಮಕ್ಕಳು ಕೇಳುವಂಥದ್ದಲ್ಲ,” ಎಂದು ಗತ್ತಿನಿಂದ ಎದ್ದುಬಂದೆ.

ಅದು ಸುಳ್ಳು. ಸಭೆ ನಕ್ಕದ್ದನ್ನಷ್ಟೇ ಇಷ್ಟು ವರ್ಷ ಹೇಳಿಕೊಂಡು ತಿರುಗಿದೆ. ಯಾವ ಮಾತಿಗೆ ನಕ್ಕರೆಂದು ದಿನಕರನನ್ನು ಕೇಳಿದ್ದರೆ ಹೇಳುತ್ತಿದ್ದ. ನನಗೆ ಒಂದಕ್ಷರವೂ ನೆನಪಿಲ್ಲ.